ಬಾಗಿಲಾಚೆಯ ಜೋಡಿ ಕುರ್ಚಿ

ಕಿರ್ರ್ ಎನ್ನುತ್ತದೆ, ಏಳುತ್ತದೆ, ಇಳಿಯುತ್ತದೆ, ಕಿಟಕಿ ಪರದೆಯ ಸಂದಿನಲ್ಲಿ ಆ ಕೆಂಪು ಕುರ್ಚಿಯ ಬೆನ್ನು, ಕಪ್ಪೆಚಿಪ್ಪಿನ ಹಾಗೆ ಅರಳಿಕೊಂಡದ್ದು, ಹಿಂಗಾಲೇ ಇಲ್ಲ ಅದಕ್ಕೆ, ಬಗ್ಗಿಸಿದ ಕೊಳವೆಯ ಮೇಲೆ ಕೂತವರನ್ನು ತಾನೇ ತೂಗುತ್ತದೆ, ಒಂದೊಂದು ಕೋಣೆಯ ಬಾಗಿಲಿಗೂ ಇಂಥ ಜೋಡಿ ಕುರ್ಚಿ, ಈ ಮೋಟೆಲ್ ಕಟ್ಟಿದಾಗಿಂದ ಇವೇ ಅಂತೆ ಆಂಟಿ, ಹಿಸ್ಟಾರಿಕ್, ಇಂಟರ್‌ಸ್ಟೇಟ್ ಹೈವೇ ಬರೋಕ್ ಮುಂಚೆ ಫ್ಲಾರಿಡಾಗೆ ಹೋಗೋರೆಲ್ಲಾ ಇಲ್ಲೇ ಸ್ಟೇ ಮಾಡ್ತಿದ್ರಂತೆ, ಎಂದು ಹರಿಣಿ ಕಾರಿಳಿಯುವ ಮೊದಲೇ ಕುಣಿದಳು, ಕುಣಿಯಲಿ, ವಯಸ್ಸು, ಆದರೆ ಜೋಡಿ ಕುರ್ಚಿ ಎಂದರೆ ಗಂಡನಿಗೊಂದು ಹೆಂಡತಿಗೊಂದು ಎಂದು ಕಟ್ಟಿದ ಆ ಪುಣ್ಯಾತ್ಮನಿಗೆ ಗೊತ್ತಿತ್ತು, ಅಮೆರಿಕದ ಊರೂರಿನ ಸಭೆಗಳಿಗೆ ನಮ್ಮನ್ನು ಕೂರಿಸಿಕೊಂಡು ಕಾರು ಓಡಿಸುವ ಈ ಜಾಣೆಗೆ ಗೊತ್ತಿಲ್ಲ, ಸೀದಾ ಹೋಗಿ ಕೂತಳು, ಇವರೂ ಕೂತರು, ವರಲಕ್ಷ್ಮಿ ಒಳಗೆ ಬಂದಳು, ಟಿವಿಯ ಮೇಲೆ ದೇವರ ಪಟ ಇಟ್ಟಳು, ದೀಪ ಬೇಡ ಆಂಟಿ, ಸ್ಮೋಕ್ ಅಲಾರಂ ಹೊಡ್ಕೊಳತ್ತೆ, ಸರಿ, ಹಚ್ಚದ ಬತ್ತಿಗೇ ಕೈಮುಗಿದಳು, ಈಗ ಹಾಸಿಗೆಯ ಅಂಚಿನಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಾಳೆ, ಹೊರಗೆ ಇಳಿಬಿಸಿಲು, ಗೋಡೆಯ ಏಸಿ ಗೊರಗೊರ ಎನ್ನುತ್ತಿದೆ, ಅದರ ಆಚೆ ಗಂಡನ ದನಿ, ಸೋಮಲಿಂಗಪ್ಪನವರ ಗಮಕ ಎಂದರೆ ಮೈಸೂರಿನಲ್ಲಿ ಚಪ್ಪಲಿ ಬಿಡಲು ಜಾಗವಿರುವುದಿಲ್ಲ, ಆ ದನಿ ಈಗ ಯಾರಿಗಾಗಿ ಏರುತ್ತಿದೆ — ಎದ್ದು ಏಸಿ ಆರಿಸಿದಳು.

ಛೇ, ಮಗಳ ವಯಸ್ಸಿನವಳು, ಮಗಳೇ ಎಂದೇ ಕರೆಯುತ್ತಾರೆ, ಜನ ಅಂದುಕೊಳ್ಳುವಂಥ ಹೊಟ್ಟೆಕಿಚ್ಚಲ್ಲ ಇದು, ಅಂಥದ್ದಾಗಿದ್ದರೆ ಬೈದು ಮುಗಿಸಬಹುದಿತ್ತು, ಇದನ್ನು ಯಾವ ಬಾಯಿಂದ ಹೇಳುವುದು, ನನ್ನ ಕಿವಿಯ ಜಾಗದಲ್ಲಿ ನಿನ್ನ ಕಿವಿ ಇಡಬೇಡವೇ ಹುಡುಗಿ ಎಂದೇ, ಮದುವೆಯಾದಾಗಿನಿಂದ ಸಭೆಯಲ್ಲಿ ವರಲಕ್ಷ್ಮಿ ಎದುರಿಗೇ ಕೂರುವುದು, ಇವರಿಗೆ ಪದ್ಯ ತಪ್ಪಿದರೆ ಎರಡನೆಯ ಸಾಲನ್ನೇ ಇನ್ನೊಮ್ಮೆ ಎಳೆಯುತ್ತಾರೆ, ರಾಗ ಬೆಳೆಸುತ್ತಿದ್ದಾರೆ ಎಂದು ಸಭೆ ತಲೆದೂಗುತ್ತದೆ, ಇವರ ಕಣ್ಣು ಮಾತ್ರ ಅವಳ ತುಟಿಗೆ ಬರುತ್ತದೆ, ತುಟಿ ಆಡಿಸಿದರೆ ಸಾಕು, ದನಿ ಬೇಕಿಲ್ಲ, ಯಾರಿಗೂ ಗೊತ್ತಿಲ್ಲ, ದೇವರೊಬ್ಬನನ್ನು ಬಿಟ್ಟು — ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಮೊನ್ನೆ ಕಣ್ಣು ಹೊರಟಿತು, ಅರ್ಧ ದಾರಿಯೂ ಬಂದಿತ್ತು, ಅಷ್ಟರಲ್ಲಿ ಮುಂದಿನ ಸಾಲಿನಿಂದ ಹರಿಣಿ ಗಟ್ಟಿಯಾಗಿ ಹೇಳಿಬಿಟ್ಟಳು, ಜನ ಚಪ್ಪಾಳೆ ತಟ್ಟಿದರು, ಮಾರಿಸ್‌ವಿಲ್‌ನ ಸಭೆಯಲ್ಲಂತೂ ಕಣ್ಣು ನೇರ ಅವಳ ಕಡೆಗೇ ಹೋಯಿತು, ಅದೆಲ್ಲಿ ಕಲಿತೆ ತಾಯಿ, ಕ್ಯಾಸೆಟ್ ಅಂಕಲ್, ಆಫೀಸಿಗೆ ಡ್ರೈವ್ ಮಾಡ್ತಾ ದಿನಾ ಕೇಳ್ತೀನಿ, ಕ್ಯಾಸೆಟ್ಟು, ಹೌದು, ಮೈಸೂರಿನ ಮನೆಯಲ್ಲಿ ಫ್ಯಾನು ಆರಿಸಿ ಬೆವರುತ್ತಾ ಕೂತು ಅದನ್ನು ರೆಕಾರ್ಡ್ ಮಾಡಿ ಕಳಿಸಿದವಳು ಇದೇ ವರಲಕ್ಷ್ಮಿ, ಪದ್ಯ ಅವಳ ಅಪ್ಪನದು, ತಿಪಟೂರಿನ ಕನ್ನಡ ಮೇಷ್ಟ್ರದು, ಅಚ್ಚಾಗಲೇ ಇಲ್ಲ, ಅವರೆಕಾಯಿ ಸುಲಿಯುವಾಗ ಅಪ್ಪ ಹೇಳುವುದು ಇವಳು ತಿರುಗಿ ಹೇಳುವುದು, ಸಿಪ್ಪೆಯ ಸೊಗಡು ಬೆರಳಲ್ಲಿ, ಮದುವೆಯಾಗಿ ಬಂದ ಮೇಲೆ ಗಂಡನಿಗೆ ಬಾಯಿಪಾಠ ಮಾಡಿಸಿದ್ದೂ ಅವಳೇ — ಕಿರ್ರ್, ಕುರ್ಚಿ ಏಳುತ್ತದೆ, ಇಳಿಯುತ್ತದೆ — ಅದನ್ನೇ ಹಾಡುತ್ತಿದ್ದಾರೆ, ಹರಿವ ಹೊಳೆಗೇ ದಡವು ಸಾಕ್ಷಿಯು, ಉರಿವ ಸೊಡರಿಗೆ ಕತ್ತಲೇ ಕಿವಿ, ರಸ್ತೆಯಲ್ಲೊಂದು ಲಾರಿ ಹೋಯಿತು, ಉರಿವ ಸೊಡರಿಗೆ ಕತ್ತಲೇ ಕಿವಿ, ಇನ್ನೊಮ್ಮೆ, ಅಯ್ಯೋ ತಪ್ಪಿತು, ತಪ್ಪಿದೆ ಇವರಿಗೆ, ಅವಳ ತುಟಿ ತಾನಾಗಿ ಆಡಿತು, ಪರದೆಯ ಈಚೆ, ಯಾರಿಗೆ ಕಾಣಬೇಕು, ಆ ಹುಡುಗಿಗೂ ಬಾರದಿರಲಿ ದೇವರೇ, ಇದೊಂದು ಸಾಲು ಮರೆತುಹೋಗಲಿ, ಪಟದ ಎದುರಿಗೇ ಇಂಥ ಬೇಡಿಕೆ, ಮತ್ತೆ ಹೊರಗಿನಿಂದ, ಲೇ ವರೂ, ಮುಂದೇನೇ?

ಕರೆದರು! ಕೇಳಿದ್ದು ಅವಳನ್ನೇ, ಪಕ್ಕದಲ್ಲಿ ಕೂತವಳನ್ನಲ್ಲ, ಸಾಲು ನಾಲಿಗೆಯ ತುದಿಯಲ್ಲೇ ಇದೆ, ಬಾಯಿ ತೆರೆದರೆ ಸಾಕು, ತೆರೆಯಲಿಲ್ಲ, ಎದ್ದು ಬರಲಿ, ಬಾಗಿಲು ತೆಗೆದು ಮುಖ ನೋಡಿ ಕೇಳಲಿ, ಇನ್ನೊಮ್ಮೆ ಕರೆದರೆ ಹೇಳುತ್ತೇನೆ, ಇನ್ನೊಂದೇ ಸಲ — ಶ್, ಆಂಟಿ ಮಲಗಿರ್ಬೇಕು, ಎಬ್ಬಿಸ್ಬೇಡಿ ಅಂಕಲ್, ನಾನ್ ಹೇಳ್ಲಾ, ಕರೆವ ದನಿಗೋ ಕೇಳ್ವರಿರದಿರೆ ಮರಳಿ ಬರಿ ಬಯಲೈ, ಅಪ್ಪನ ಸಾಲು, ಒಂದಕ್ಷರ ಜಾರದೆ, ಅದೇ, ಅದೇ ನೋಡು ಮಗಳೇ, ಅಟ್ಲಾಂಟಾದಲ್ಲಿ ನೀನೇ ಎದುರಿಗೆ ಕೂತ್ಬಿಡು, ನಿಮ್ಮಾಂಟಿಗೆ ಮಂಡಿನೋವು, ಪಾಪ, ಹಿಂದೆ ಎಲ್ಲಾದ್ರೂ ಆರಾಮಾಗಿ ಒರಗಿಕೊಳ್ಳಲಿ, ಪ್ರೀತಿಯಿಂದಲೇ ಹೇಳಿದರು, ಅದೇ ದನಿ, ಸಿಟ್ಟಾಗಲೂ ಎಡೆಯಿಲ್ಲದ ಹಾಗೆ, ಓಕೆ ಅಂಕಲ್, ತಾಳಿ, ಕೂಲ್ಡ್ರಿಂಕಿಗೆ ಐಸ್ ತರ್ತೀನಿ, ಚಪ್ಪಲಿಯ ಸದ್ದು ದೂರವಾಯಿತು, ವರಲಕ್ಷ್ಮಿ ಬಾಗಿಲ ಹತ್ತಿರ ಬಂದಿದ್ದಾಳೆ, ಎಣ್ಣೆಗೈ ಚಿಲಕದ ಮೇಲೆ ಜಾರುತ್ತಿದೆ, ಈಗ ಹೋಗಿ ಆ ಕುರ್ಚಿಯಲ್ಲಿ ಕೂತರೆ ಕೂತಂತೆಯೇ, ಎಚ್ಚರವಿದ್ದೂ ಯಾಕೆ ಸುಮ್ಮನಿದ್ದೆ ಎಂದು ಕೇಳಿದರೆ, ಕೇಳುವುದೇ ಇಲ್ಲವಲ್ಲ, ಇವರು ತಿರುಗಿಯೂ ನೋಡುತ್ತಿಲ್ಲ, ಬೆರಳಲ್ಲಿ ತಾಳ ಹಾಕುತ್ತಾ ಹುಡುಗಿ ಹೋದ ದಿಕ್ಕನ್ನೇ ನೋಡುತ್ತಿದ್ದಾರೆ, ಪಕ್ಕದ ಕುರ್ಚಿ ಖಾಲಿ, ಖಾಲಿಯಾಗಿದ್ದರೂ ನಿಂತಿಲ್ಲ, ಕಿರ್ರ್, ಅವಳು ಎದ್ದು ಹೋದ ರಭಸಕ್ಕೆ ಇನ್ನೂ ತೂಗುತ್ತಲೇ ಇದೆ, ನಿಲ್ಲಲಿ, ನಿಂತ ಮೇಲೆ ಹೋಗುತ್ತೇನೆ, ಏಳುತ್ತದೆ, ಇಳಿಯುತ್ತದೆ, ಕೆಂಪು ಬೆನ್ನು, ಏಳುತ್ತದೆ —