ಮ್ಯಾನೇಜರನ ಭಾಷಣ, ಮಗಳ ಕೈಮಾತು

ಪೆಟ್ಟಿಗೆಯಲ್ಲಿ ಮಲಗಿದ್ದ ಅಪ್ಪನ ಎಡಗೈಯನ್ನು ಮೆಲ್ಲಗೆ ಎತ್ತಿ ಹಿಡಿದು, ಅದರಡಿ ಮುಚ್ಚಿಹೋಗಿದ್ದ ಬಲಗೈಯನ್ನು ಮಗಳು ಹೊರಗೆಳೆದಳು. ಕೈ ಸೆಟೆದುಕೊಂಡಿತ್ತು, ಸುಲಭಕ್ಕೆ ಬರಲಿಲ್ಲ.

"ಅದನ್ನ ನಾನೇ ಬೇಕಂತ ಕೆಳಗಿಟ್ಟಿದ್ದು ಅಮ್ಮಾ," ಎಂದ ಪೆಟ್ಟಿಗೆ ತಂದವನು. "ನೋಡೋರಿಗೆ ಚೆನ್ನಾಗಿ ಕಾಣಲ್ಲ ಅಂತ."

"ಚೆನ್ನಾಗಿ ಕಾಣೋದು ಬೇಡ. ಕಂಡ್ರೆ ಸಾಕು."

ಆ ಕೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು, ಕಿರುಬೆರಳು ಎರಡೇ. ನಡುವಿನ ಮೂರರ ಜಾಗದಲ್ಲಿ ಗಂಟುಗಟ್ಟಿದ ಚರ್ಮ. ಮಗಳು ಅದನ್ನು ಅಪ್ಪನ ಎದೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು ಅಮ್ಮನ ಮುಖ ನೋಡಿದಳು. ತಲೆಯ ಬಳಿ ನಿಂತಿದ್ದ ಅಮ್ಮ ಹೂಂ ಎನ್ನುವಂತೆ ಕತ್ತು ಆಡಿಸಿದಳು. ಅಪ್ಪನ ಹಾಗೆ ಅಮ್ಮನಿಗೂ ಹುಟ್ಟಿನಿಂದ ಕಿವಿ ಕೇಳದು.

ಬಾಡಿಗೆಗೆ ಹಿಡಿದ ಸಭಾಂಗಣ ಆಗಲೇ ಅರ್ಧ ತುಂಬಿತ್ತು. ಬಂದವರಲ್ಲಿ ಹೆಚ್ಚಿನವರು ಅಪ್ಪನ ಗೆಳೆಯರು, ಕೈಯಲ್ಲೇ ಮಾತಾಡುವವರು. ಎಲ್ಲ ಸಾಲುಗಳಲ್ಲೂ ಭರಪೂರ ಮಾತು ನಡೆದಿತ್ತು, ಕೇಳುತ್ತಿದ್ದದ್ದು ಮಾತ್ರ ಕಬ್ಬಿಣದ ಕುರ್ಚಿಗಳ ಕಿರ್ರೆನ್ನುವ ಸದ್ದು. ಕಾರ್ಖಾನೆಯವರು ಅಪ್ಪನನ್ನು ಕೊನೆಯವರೆಗೂ ಕಿವುಡಪ್ಪ ಎಂದೇ ಕರೆದರು. ಇಲ್ಲಿ ಸನ್ನೆಯಲ್ಲಿ ಅವನ ಹೆಸರು ಬೇರೆ: ಎರಡು ಬೆರಳಿನಲ್ಲಿ ಮೀಸೆ ತಿರುವಿದರೆ ಅದೇ ಅಪ್ಪ. ಬಂದವರೆಲ್ಲ ಅಮ್ಮನ ಮುಂದೆ ನಿಂತು ಇಲ್ಲದ ಮೀಸೆ ತಿರುವಿ ಅಳುತ್ತಿದ್ದರು.

ಸೋದರಮಾವ ಬೆವರುತ್ತ ಬಂದ. ಮಾವನಿಗೆ ಕಿವಿ ಕೇಳುತ್ತದೆ, ಅಕ್ಕನಿಗಾಗಿ ಸನ್ನೆಯನ್ನೂ ಕಲಿತವನು. ಅಪ್ಪ ದುಡಿದ ಡಬ್ಬಿ ಕಾರ್ಖಾನೆಯ ಉಗ್ರಾಣದಲ್ಲೇ ಅವನ ಕೆಲಸ, ನಿವೃತ್ತಿಗೆ ಇನ್ನೇನು ಸ್ವಲ್ಪ ದಿನ.

"ಪುಟ್ಟೀ, ಮ್ಯಾನೇಜರ್ ಬರ್ತಿದ್ದಾರೆ. ಭಾಷಣ ಮಾಡ್ತಾರಂತೆ. ಫೋಟೋದವನೂ ಬರ್ತಿದ್ದಾನೆ."

"ಯಾವ ಮ್ಯಾನೇಜರ್? ಅವನೇನಾ?"

"ಅವರೇ. ನೋಡು, ನಿನ್ನ ಹೊಟ್ಟೆ ಉರಿ ನಂಗೆ ಗೊತ್ತಿಲ್ಲ ಅಂತಲ್ಲ. ಆದ್ರೆ ಇವತ್ತು ಬೇಡ. ನನ್ನ ಮುಖ ನೋಡಿಯಾದ್ರೂ ಸುಮ್ನಿರು."

"ನಾನೇನು ಮಾಡ್ಲಿ ಮಾವ, ಹೆಣದ ಮುಂದೆ ಕುಸ್ತಿ ಆಡ್ತೀನಾ?"

ಸುಮ್ಮನಿರಬೇಕೆಂದೇ ಅವಳು ನಿಜವಾಗಿ ಅಂದುಕೊಂಡಿದ್ದಳು. ಆಗ ಬಾಗಿಲಲ್ಲಿ ಬಸ್ಸು ನಿಂತು ಕಾರ್ಖಾನೆಯ ಹೊಸ ಅಂಗಿ ತೊಟ್ಟ ಯುವಕ ಯುವತಿಯರು ಇಳಿದರು. ಯಾರಿಗೂ ಕಿವಿ ಕೇಳದು. 'ಎಲ್ಲರಿಗೂ ಸಮಾನ ಅವಕಾಶ' ಎಂದು ಅಂಗಿಯ ಬೆನ್ನ ಮೇಲೆ ಬರೆಸಿ ಮ್ಯಾನೇಜರ್ ಇವರನ್ನು ಈ ವರ್ಷ ಕೆಲಸಕ್ಕೆ ಸೇರಿಸಿದ್ದ. ಎರಡು ಜಡೆಯ ಹುಡುಗಿಯೊಬ್ಬಳು ಪೆಟ್ಟಿಗೆಯ ಬಳಿ ಬಂದಾಗ ಮಗಳು ಕೈಯಲ್ಲಿ ಕೇಳಿದಳು:

"ತಗಡು ಒತ್ತೋ ಪ್ರೆಸ್ಸಿಗೆ ದೀಪ ಹಾಕಿದ್ದಾರಾ?"

"ಮುಂದಿನ ಹಾಲ್‌ನಲ್ಲಿ ಹಾಕಿದ್ದಾರೆ, ಹೊರಗಿನವರು ಬಂದು ನೋಡ್ತಾರಲ್ಲ ಅಲ್ಲಿ," ಎಂದಿತು ಹುಡುಗಿಯ ಕೈ. "ಹಿಂದಿನ ಶೆಡ್ಡಲ್ಲಿ ನಮ್ಮ ಪ್ರೆಸ್ಸಿಗೆ ಇನ್ನೂ ಗಂಟೆನೇ."

ಮಗಳು ಆ ಹುಡುಗಿಯ ಬೆರಳುಗಳನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಮ್ಯಾನೇಜರ್ ಒಳಗೆ ಬಂದ. ಹಿಂದೆ ಇಬ್ಬರು ಹೊತ್ತು ತಂದ ಹೂವಿನ ಚಕ್ರದಲ್ಲಿ ಕಾರ್ಖಾನೆಯ ಹೆಸರು ಅಪ್ಪನ ಹೆಸರಿಗಿಂತ ದಪ್ಪ ಅಕ್ಷರದಲ್ಲಿತ್ತು. ಮ್ಯಾನೇಜರನ ಕೂದಲು ಬೆಳ್ಳಗಾಗಿದ್ದರೂ ಮಾತಿನ ಬೆಲ್ಲ ಕರಗಿರಲಿಲ್ಲ.

"ನೀನು ಅವರ ಮಗಳಲ್ವೇನಮ್ಮ? ಈಗ ಕೋರ್ಟಿನಲ್ಲಿ ದುಭಾಷಿಯಂತೆ, ಕೇಳಿ ಖುಷಿಯಾಯ್ತು. ನಾನು ನಾಲ್ಕು ಮಾತಾಡ್ತೀನಿ, ಇವರಿಗೆಲ್ಲ ಕೈಯಲ್ಲಿ ನೀನೇ ಹೇಳಿಬಿಡು. ಚಿಕ್ಕವಳಿದ್ದಾಗ ಆಸ್ಪತ್ರೇಲಿ ಎಷ್ಟು ಚೆನ್ನಾಗಿ ಹೇಳಿದ್ದೆ! ಅವತ್ತು ನೀನಿಲ್ದಿದ್ರೆ ನಮಗೆ ಕಷ್ಟ ಆಗ್ತಿತ್ತು."

ಅವನು ಮರೆತಿರಲಿಲ್ಲ. ನೆನಪಿಟ್ಟುಕೊಂಡಿದ್ದ, ಅದೂ ಸಂತೋಷದಿಂದ. ಸುಮ್ಮನಿರಬೇಕೆಂಬ ಅವಳ ಯೋಚನೆ ಅಲ್ಲಿಗೆ ಮುಗಿಯಿತು.

"ಹೇಳ್ತೀನಿ ಸಾರ್," ಎಂದಳು. "ಖಂಡಿತ ಹೇಳ್ತೀನಿ."

*

ಪ್ರೆಸ್ ಮತ್ತೆ ಚಾಲೂ ಆಗುವ ಮುಂಚೆ ಗಂಟೆ ಬಾರಿಸುವುದು ಕಾರ್ಖಾನೆಯ ಪದ್ಧತಿ. ಸಿಕ್ಕಿಕೊಂಡ ತಗಡು ಬಿಡಿಸುತ್ತಿರುವವರು ಗಂಟೆ ಕೇಳಿದ ಕೂಡಲೇ ಕೈ ತೆಗೆಯಬೇಕು. ಅಪ್ಪ ಸೇರಿದ ಹೊಸದರಲ್ಲೇ, ಗಂಟೆಯ ಪಕ್ಕ ಒಂದು ಕೆಂಪು ದೀಪ ಹಾಕಿಸಿ ಎಂದು ಮಾವನ ಮೂಲಕ ಕೇಳಿದ್ದ. ಆಗಿನ್ನೂ ಮೇಸ್ತ್ರಿಯಾಗಿದ್ದ ಈ ಮ್ಯಾನೇಜರ್, "ಒಬ್ಬ ಕಿವುಡನಿಗೋಸ್ಕರ ವೈರ್ ಎಳೀಬೇಕಾ? ಕಣ್ಣು ಬಿಟ್ಕೊಂಡು ಕೆಲಸ ಮಾಡು ಅನ್ನು," ಎಂದು ನಕ್ಕಿದ್ದ. ಅಪ್ಪ ಮತ್ತೆ ಮತ್ತೆ ಕೇಳಿದ. ಒಂದು ದಿನ ಅವನು ತಗಡು ಬಿಡಿಸುತ್ತಿದ್ದಾಗ ಗಂಟೆ ಹೊಡೆಯಿತು, ಪ್ರೆಸ್ ಇಳಿಯಿತು.

ಕಿವಿ ಕೇಳುವವನಿಗೆ ಅವು ಮೂರು ಬೆರಳು. ಅಪ್ಪನಿಗೆ ಅರ್ಧ ನಾಲಿಗೆ.

ಸರ್ಕಾರದ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಬಂದ ದಿನ ಮಾವನನ್ನು ಬೇಕೆಂದೇ ದೂರದ ಕೆಲಸಕ್ಕೆ ಅಟ್ಟಿ, ಮೇಸ್ತ್ರಿ ಹನ್ನೊಂದು ವರ್ಷದ ಮಗಳನ್ನು ಶಾಲೆಯಿಂದ ಕರೆತಂದ. ವಾರ್ಡಿನ ಹೊರಗೆ ನಲ್ಲಿಯ ಪಕ್ಕ ನಿಲ್ಲಿಸಿಕೊಂಡು, "ನೋಡು ಮರಿ, ನಿಮ್ಮಪ್ಪ ಕೈಯಲ್ಲಿ ಏನಾದ್ರೂ ಹೇಳ್ಲಿ, ನೀನು ಬಾಯಲ್ಲಿ ಹೇಳಬೇಕಾದ್ದು ಒಂದೇ: ತಪ್ಪು ನಂದೇ ಅಂತಿದ್ದಾರೆ. ಇಲ್ದಿದ್ರೆ ನಿಮ್ಮಪ್ಪನಿಗೂ ಕೆಲಸ ಇಲ್ಲ, ನಿಮ್ಮ ಮಾವನಿಗೂ ಇಲ್ಲ," ಎಂದ. ತಲೆ ಸವರಿ ಚಾಕೊಲೇಟೂ ಕೊಟ್ಟ.

ಅಪ್ಪ ಬ್ಯಾಂಡೇಜಿಲ್ಲದ ಎಡಗೈಯಲ್ಲಿ ಕಷ್ಟಪಟ್ಟು ಹೇಳಿದ: "ದೀಪ ಕೇಳಿದ್ದೆ. ಎಷ್ಟು ಸಲ ಕೇಳಿದ್ದೆ."

"ತಪ್ಪು ನಂದೇ ಅಂತಿದ್ದಾರೆ," ಎಂದಳು ಹುಡುಗಿ. ಇನ್‌ಸ್ಪೆಕ್ಟರ್ ತಲೆಯಾಡಿಸಿ ಹೊರಟುಹೋದ.

ಮುಖ ಓದಿಯೇ ಬದುಕಿದವನಿಗೆ ಮಗಳ ಮುಖ ಓದುವುದು ಕಷ್ಟವೇ? ಅಪ್ಪ ಅವಳ ಕಣ್ಣೊರೆಸಿ, "ಸುಳ್ಳು ಹೇಳಿದ್ದು ಬಾಯಿ. ಬಾಯಿಯ ವ್ಯವಹಾರ ನಮ್ಮದಲ್ಲ ಬಿಡು. ಕೈಯಲ್ಲಿ ಮಾತ್ರ ಯಾವತ್ತೂ ಸುಳ್ಳು ಹೇಳಬೇಡ," ಎಂದ. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಆಮೇಲೆ ಕಾರ್ಖಾನೆ ಅವನಿಗೆ ಪೊರಕೆ ಕೊಟ್ಟಿತು. ಗೆಳೆಯರ ಗುಂಪಿನಲ್ಲಿ ಅವನಷ್ಟು ನಗಿಸುವವರು ಯಾರೂ ಇರಲಿಲ್ಲ. ಈಗ ಬಲಗೈ ತೊದಲುತ್ತಿತ್ತು, ಅವನ ಜೋಕು ಮುಗಿಯುವಷ್ಟರಲ್ಲಿ ನಗಬೇಕಾದವರ ಬಸ್ಸು ಬಂದುಬಿಡುತ್ತಿತ್ತು. ಆದರೂ ಹೇಳುವುದನ್ನು ಬಿಡಲಿಲ್ಲ. ಪಾಪ, ಬಸ್ಸು ತಪ್ಪಿಸಿಕೊಂಡು ಕೂತು ನಕ್ಕವರೂ ಇದ್ದರು. ಅವರೇ ಇವತ್ತು ಮುಂದಿನ ಸಾಲಿನಲ್ಲಿದ್ದವರು.

*

ಮ್ಯಾನೇಜರ್ ಪೆಟ್ಟಿಗೆಯ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ. ಮಗಳು ಅವನ ಎಡಕ್ಕೆ ನಿಂತಳು. ಮಾವ ಮೊದಲ ಸಾಲಿನಲ್ಲಿ ಮ್ಯಾನೇಜರನ ಕೈಗೆಟಕುವ ಕುರ್ಚಿಯಲ್ಲಿ ಕೂತು ಅವಳನ್ನೇ ನೋಡುತ್ತಿದ್ದ.

"ಇಂದು ನಮ್ಮ ಕಾರ್ಖಾನೆಯ ಕುಟುಂಬ ಒಬ್ಬ ಹಿರಿಯ ಸದಸ್ಯರನ್ನು ಕಳೆದುಕೊಂಡಿದೆ," ಎಂದ ಮ್ಯಾನೇಜರ್. ಮಗಳ ಕೈ ಅದನ್ನು ಹಾಗೆಯೇ ಹೇಳಿತು. ಕೋರ್ಟಿನಲ್ಲಿ ಇಷ್ಟು ವರ್ಷ ಕಳ್ಳನ ಮಾತನ್ನೂ ಸಾಹುಕಾರನ ಮಾತನ್ನೂ ಒಂದಕ್ಷರ ಹೆಚ್ಚು ಕಡಿಮೆ ಮಾಡದೆ ದಾಟಿಸಿದ ಕೈ ಅದು.

"ಅವರಿಗೆ ಏನು ಬೇಕು ಅಂತ ನಾವು ಮೊದಲ ದಿನವೇ ಕೇಳಿದೆವು. ಕೇಳಿದ್ದನ್ನೆಲ್ಲ ಕೊಟ್ಟೆವು."

ಅವಳ ಕೈ ನಿಂತಿತು. ಆಮೇಲೆ ಎದೆಯ ಮಟ್ಟಕ್ಕೆ ಎದ್ದು, ಹಿಂದಿನ ಸಾಲಿಗೂ ಕಾಣುವಂತೆ ಹೇಳತೊಡಗಿತು: "ಇಲ್ಲಿಂದ ಮುಂದೆ ಇದು ಇವನ ಮಾತಲ್ಲ, ನನ್ನ ಮಾತು. ಯಾರೂ ಮುಖ ಬದಲಿಸಬೇಡಿ. ಅಳು ಬಂದರೆ ಅಳಿ, ತೊಂದರೆಯಿಲ್ಲ."

ಮಾವ ಕುರ್ಚಿಯ ಅಂಚಿಗೆ ಸರಿದ.

"ಸುರಕ್ಷತೆಯೇ ನಮ್ಮ ಉಸಿರು," ಎನ್ನುತ್ತಿದ್ದ ಮ್ಯಾನೇಜರ್.

ಅವಳು ದೀಪದ ವಿಷಯ ಹೇಳಿದಳು. ನಲ್ಲಿಯ ಪಕ್ಕದ ಮಾತನ್ನು, ತನ್ನ ಬಾಯಿಂದ ಹೊರಟ ಸುಳ್ಳನ್ನು, ಚಾಕೊಲೇಟನ್ನು ಹೇಳಿದಳು. ಇಷ್ಟು ವರ್ಷ ಗಂಟಲಲ್ಲಿ ಮುಳ್ಳಾಗಿದ್ದದ್ದು ಕೈಯಿಂದ ಸಲೀಸಾಗಿ ಬಂತು. ಒಳಗೊಳಗೇ ಅವಳಿಗೆ ಕುಣಿಯುವಷ್ಟು ಹಿತವೆನಿಸುತ್ತಿತ್ತು. ಹೇಳಿದ್ದು ಒಂದು, ದಾಟಿಸಿದ್ದು ಇನ್ನೊಂದು: ಈ ವಿದ್ಯೆ ಕಲಿಸಿದವನೇ ಅವನು. ಗುರುವಿಗೆ ತಿರುಮಂತ್ರ ಹಾಕುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ.

"ಪೆಟ್ಟಿಗೆಯ ಹತ್ತಿರ ಬಂದು ಅಪ್ಪನ ಬಲಗೈ ನೋಡಿಕೊಂಡು ಹೋಗಿ," ಎಂದಿತು ಅವಳ ಕೈ. "ಕಾರ್ಖಾನೆಯ ಅಂಗಿ ತೊಟ್ಟವರು ಮೊದಲು."

ಹೊಸ ಅಂಗಿಯವರು ಸಾಲಾಗಿ ಎದ್ದು ಬಂದರು. ಎರಡು ಜಡೆಯ ಹುಡುಗಿ ಆ ಕೈಯನ್ನು ನೋಡಿ, ತನ್ನ ಬೆರಳುಗಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಹಿಂದಿರುಗಿದಳು. ಮುಂದಿನ ಸಾಲಿನ ಮುದುಕರು ಬಿಕ್ಕುತ್ತಿದ್ದರು. ತನ್ನ ಮಾತಿಗೆ ಇಷ್ಟು ಜನ ಕಣ್ಣೀರು ಹಾಕಿದ್ದನ್ನು ಮ್ಯಾನೇಜರ್ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅವನು ಉಬ್ಬಿದ. ಮುಗಿಸಬೇಕಾದ ಭಾಷಣವನ್ನು ಎಳೆದ.

"ನಮ್ಮ ಹೊಸ ದೀಪಗಳಿಗೆ ಅವರ ಹೆಸರನ್ನೇ ಇಡುತ್ತಿದ್ದೇವೆ!"

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು, ಅದಕ್ಕೆ ನಾಮಕರಣ ಬೇರೆ. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಅಳುತ್ತಿರಲಿಲ್ಲ. ಹೇಳು, ಮುಗಿಸು ಎಂಬಂತೆ ಗದ್ದ ಎತ್ತಿದಳು.

"ಹಿಂದಿನ ಶೆಡ್ಡಿನಲ್ಲಿ ಒಂದೊಂದು ಪ್ರೆಸ್ಸಿಗೂ ದೀಪ ಬರುವ ತನಕ, ನಾಳೆಯಿಂದ ಒಬ್ಬರೂ ಯಂತ್ರಕ್ಕೆ ಕೈ ಹಾಕಬೇಡಿ," ಎಂದಳು ಮಗಳು. "ಅಪ್ಪನ ಗೆಳೆಯರೂ ನಾನೂ ಗೇಟಿನ ಹೊರಗೆ ನಿಮ್ಮ ಜೊತೆ ಕೂರ್ತೀವಿ. ಒಪ್ಪಿದವರು ಕೈ ಎತ್ತಿ."

ಎರಡು ಜಡೆಯ ಹುಡುಗಿ ಅಕ್ಕಪಕ್ಕ ನೋಡಿ ಮೊದಲು ಕೈ ಎತ್ತಿದಳು. ಆಮೇಲೆ ಹೊಸ ಅಂಗಿಯವರೆಲ್ಲ, ಅವರ ಹಿಂದೆ ಮುದುಕರು, ಕೊನೆಗೆ ಅಮ್ಮ. ಸಭಾಂಗಣದ ತುಂಬ ಕೈಗಳೆದ್ದವು.

ಮ್ಯಾನೇಜರನ ಮಾತು ತಡವರಿಸಿತು. ಅವನು ಮಾವನ ಕಡೆ ಬಗ್ಗಿ, "ಇದೇನ್ರೀ ಇದು? ಯಾಕೆ ಎಲ್ಲ ಕೈ ಎತ್ತಿದ್ದಾರೆ?" ಎಂದ.

ಮಾವ ಎದ್ದು ನಿಂತ. ಪೆಟ್ಟಿಗೆಯೊಳಗಿನ ಕೈ ನೋಡಿದ, ಅಕ್ಕನ ಮುಖ ನೋಡಿದ, ಅಂಗಿಯ ಅಂಚು ಜಗ್ಗಿ ಸರಿಮಾಡಿಕೊಂಡ.

"ಚಪ್ಪಾಳೆ ಸಾರ್," ಎಂದ. "ಕಿವಿ ಕೇಳದವರ ಚಪ್ಪಾಳೆ ಹೀಗೇ. ನಿಮ್ಮ ಭಾಷಣಕ್ಕೆ." ತಾನೂ ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿದ.

ಮ್ಯಾನೇಜರನ ಕಣ್ಣು ತುಂಬಿ ಬಂತು. ಫೋಟೋದವನನ್ನು ಮುಂದೆ ಬರುವಂತೆ ಕರೆದು, ಅವರೆಲ್ಲರ ನಡುವೆ ಹೋಗಿ ನಿಂತ. ತನ್ನ ಎರಡೂ ಕೈಗಳನ್ನು ತಲೆಗಿಂತ ಮೇಲೆ ಎತ್ತಿ, ಹತ್ತೂ ಬೆರಳು ಅಗಲಿಸಿ, ಎಲ್ಲರಿಗಿಂತ ಜೋರಾಗಿ ಅಲ್ಲಾಡಿಸಿದ. ಮಗಳು ಒಪ್ಪಿದವರ ಕೈಗಳನ್ನು ಎಣಿಸುತ್ತ ಬಂದು ಅವನನ್ನೂ ಲೆಕ್ಕಕ್ಕೆ ಸೇರಿಸಿಕೊಂಡಳು.