ಗೋಡೆ ಎದ್ದು ಮುಗಿಯುವ ತಿಂಗಳು

ದಿನಾ ಹನ್ನೊಂದು ಗಂಟೆಗೆ ಸೂಜಿಯಕ್ಕನಿಗೆ ಮಹಡಿಯಿಂದ ಕರೆ ಬರುತ್ತಿತ್ತು. ಪ್ರಕಾಶನದ ಕೆಳಗಿನ ಕೋಣೆಯಲ್ಲಿ ಹಾಳೆಗಳ ಕಟ್ಟುಗಳನ್ನು ದಾರ ಹಾಕಿ ಹೊಲಿಯುವುದು ಅವಳ ಕೆಲಸ. ಆ ಹೆಸರು ಬಂದದ್ದೂ ಅದರಿಂದಲೇ. ಮಹಡಿಯಲ್ಲಿ ಎರಡು ವರ್ಷದಿಂದ ವೈದ್ಯಕೀಯ ಪದಗಳ ನಿಘಂಟು ತಯಾರಾಗುತ್ತಿತ್ತು. ಓದುಬರಹ ಅಷ್ಟಕ್ಕಷ್ಟೇ ಇರುವ ಮನೆಯವರಿಗೂ ಆಸ್ಪತ್ರೆಯ ಚೀಟಿಯಲ್ಲಿ ಏನಿದೆ ಎಂದು ತಿಳಿಯಬೇಕು, ಅದಕ್ಕಾಗಿ ಆ ನಿಘಂಟು. ಹಾಗಾಗಿ ಅಲ್ಲೊಂದು ಪದ್ಧತಿ ಮಾಡಿಕೊಂಡಿದ್ದರು. ಕಾರ್ಡಿನಲ್ಲಿ ಬರೆದ ಅರ್ಥವನ್ನು ಸೂಜಿಯಕ್ಕನಿಗೆ ಒಂದೇ ಸಲ ಓದಿ ಹೇಳುವುದು. ಅವಳು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಿದರೆ ಕಾರ್ಡು ಪಾಸು. ಅವಳು ತಡವರಿಸಿದರೆ ಕಾರ್ಡು ಫೇಲು, ಮತ್ತೆ ಬರೆಯಬೇಕು.

ಬರೆಯುತ್ತಿದ್ದವರು ಒಬ್ಬ ನಿವೃತ್ತ ವೈದ್ಯರು, ಎಲ್ಲರ ಬಾಯಲ್ಲೂ ನಿಘಂಟು ಡಾಕ್ಟ್ರು. ಒಂದು ಪದ ಕೇಳಿದರೆ ಒಂದು ಗಂಟೆ ಹೇಳುವ ಪೈಕಿ. ಅದನ್ನೆಲ್ಲ ಇಪ್ಪತ್ತು ಪದಕ್ಕೆ ಇಳಿಸುವವಳು ಸಂಪಾದಕಿ, ಕತ್ತರಿ ಮೇಡಂ. ಇಪ್ಪತ್ತೊಂದನೆಯ ಪದ ಕಂಡರೆ ಆಕೆಗೆ ಮೈಯೆಲ್ಲ ಉರಿ. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೆ ಸೂಜಿಯಕ್ಕ ಹೇಳಿದ ಮೇಲೆ ಇಬ್ಬರೂ ತೆಪ್ಪಗಾಗುತ್ತಿದ್ದರು.

ಕಿವಿಯೂ ಸೂಜಿಯಂಥದ್ದೇ, ನಾಲಿಗೆಯೂ ಅಂಥದ್ದೇ ಅವಳದು. ಕಿಣ್ವ ಎಂಬ ಪದದ ಅರ್ಥ ಓದಿದ ದಿನ ಅವಳು ಥಟ್ಟನೆ ಹೇಳಿದ್ದಳು, "ಗೊತ್ತಾಯ್ತು ಬಿಡಿ. ಪಕ್ಕದಲ್ಲಿ ನಿಂತು ಬೇರೆಯವರ ಕೆಲಸಾನೆಲ್ಲ ಚುರುಕು ಮಾಡಿಸುತ್ತೆ, ತಾನು ಮಾತ್ರ ಕೂದಲಷ್ಟೂ ಸವೆಯಲ್ಲ. ನಮ್ಮ ಓರಗಿತ್ತಿ!" ಡಾಕ್ಟ್ರು ಕೆಮ್ಮು ಬರುವ ತನಕ ನಕ್ಕು, ಇದನ್ನೇ ಅಚ್ಚು ಹಾಕಿಸೋಣ ಎಂದು ಹಟ ಹಿಡಿದಿದ್ದರು.

ಆ ದಿನ ಇದ್ದದ್ದು ಒಂದೇ ಕಾರ್ಡು. "ಸಲೀಸಾಗಿದೆ ಅಕ್ಕಾ, ಎರಡು ನಿಮಿಷದ ಕೆಲಸ," ಎನ್ನುತ್ತ ಕತ್ತರಿ ಮೇಡಂ ಓದಿದಳು. "ಹೃದಯದ ರಂಧ್ರ. ಹೃದಯದ ಎಡ ಬಲ ಕೋಣೆಗಳ ನಡುವಿನ ಗೋಡೆಯಲ್ಲಿ ಉಳಿದ ತೂತು. ಮಗು ಹುಟ್ಟುವಾಗಲೇ ಇರುತ್ತದೆ. ಚಿಕ್ಕದಾದರೆ ಕೆಲವೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತದೆ. ದೊಡ್ಡದಾದರೆ ಆಪರೇಷನ್ ಬೇಕಾಗುತ್ತದೆ."



ಸೂಜಿಯಕ್ಕನ ಮಗಳಿಗೆ ಇದ್ದದ್ದು ಅದೇ ತೂತು. ಮೂರನೆಯ ವಯಸ್ಸಿನಲ್ಲಿ ಆಪರೇಷನ್ ಆಯಿತು. ಈಗ ಹತ್ತೊಂಬತ್ತು, ಕನ್ನಡಕದ ಅಂಗಡಿಯಲ್ಲಿ ಗಾಜು ಕೊರೆಯುವುದನ್ನು ಕಲಿಯುತ್ತಿದ್ದಾಳೆ, ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುತ್ತಾಳೆ, ಗುಂಡುಕಲ್ಲಿನ ಹಾಗಿದ್ದಾಳೆ. ವಾಸಿಯಾಗದೆ ಉಳಿದವಳು ತಾಯಿ. ಏಳು ತಿಂಗಳ ಬಸುರಿಯಾಗಿದ್ದಾಗ, "ಎತ್ತರ ಹತ್ತಬೇಡಮ್ಮಾ" ಎಂದು ಅತ್ತೆ ಹೇಳಿ ಹೊರಗೆ ಹೋದ ಮಧ್ಯಾಹ್ನವೇ, ಕಪಾಟಿನ ಮೇಲಿನ ಹೊದಿಕೆ ತೆಗೆಯಲೆಂದು ಸ್ಟೂಲು ಹತ್ತಿ ದಬಕ್ಕನೆ ಬಿದ್ದಿದ್ದಳು. ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಎದ್ದು, ಸ್ಟೂಲನ್ನು ಅದರ ಜಾಗದಲ್ಲಿಟ್ಟು, ಬಾಯಿಗೆ ಬೀಗ ಹಾಕಿಕೊಂಡಳು.

ಹುಟ್ಟಿದ ಮಗುವಿನ ಹೃದಯದಲ್ಲಿ ತೂತಿದೆ ಎಂದಾಗ ಆಸ್ಪತ್ರೆಯವರು ಕೇಳಿದ್ದರು, "ಬಸಿರಲ್ಲಿದ್ದಾಗ ಏನಾದ್ರೂ ತೊಂದರೆ ಆಗಿತ್ತಾ?" ಇಲ್ಲ ಎಂದುಬಿಟ್ಟಳು. ಗಂಡನಿಗೂ ಹೇಳಲಿಲ್ಲ, ಹೆತ್ತ ತಾಯಿಗೂ ಹೇಳಲಿಲ್ಲ. ಎಷ್ಟು ಡಾಕ್ಟರುಗಳ ಮುಂದೆ ಮಗುವನ್ನು ಎತ್ತಿಕೊಂಡು ಕೂತಿದ್ದಳು, ಒಬ್ಬರನ್ನಾದರೂ ಕೇಳಬಹುದಿತ್ತಲ್ಲ! ಕೇಳಲಿಲ್ಲ. "ಹೌದು, ನಿನ್ನಿಂದಲೇ ಆಯ್ತು" ಎಂದುಬಿಟ್ಟರೆ? ಆ ಒಂದು ಮಾತಿಗೆ ಹೆದರಿ ಹತ್ತೊಂಬತ್ತು ವರ್ಷ ಒಳಗೊಳಗೇ ಬೇಯುತ್ತಿದ್ದಳು, ಪುಣ್ಯಾತ್ಗಿತ್ತಿ.

"ಹೇಳಿ ಅಕ್ಕಾ," ಎಂದಳು ಕತ್ತರಿ ಮೇಡಂ.

"ಗೋಡೇಲಿ ತೂತು..." ಎಂದು ಶುರುಮಾಡಿದ ಸೂಜಿಯಕ್ಕ ಅಲ್ಲಿಗೇ ನಿಂತಳು.

"ಇದೇನಿದು, ಇಷ್ಟು ಸುಲಭದ್ದಕ್ಕೆ ತಡವರಿಸ್ತೀರಲ್ಲ? ಹುಷಾರಿದ್ದೀರಿ ತಾನೆ?"

ಎದ್ದು ಕೆಳಗೆ ಹೋಗಿಬಿಡಬಹುದಿತ್ತು. ತಲೆನೋವು ಎಂದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಅರ್ಥ ಕೇಳುವುದೇ ತನ್ನ ಕೆಲಸವಾದ ಆ ಕುರ್ಚಿಯಲ್ಲಿ ಕೂತಿದ್ದಕ್ಕೋ ಏನೋ, ಇಷ್ಟು ವರ್ಷ ಎಲ್ಲೂ ಬಾರದ ಧೈರ್ಯ ಅಲ್ಲಿ ಬಂತು. ಹೇಳಿದಳು, "ಈ ಕಾರ್ಡು ಫೇಲು ಮೇಡಂ. ಉಳಿದ ತೂತು ಅಂದ್ರಿ. ಯಾವಾಗ ಉಳಿಯುತ್ತೆ, ಯಾಕೆ ಉಳಿಯುತ್ತೆ, ಏನೂ ಹೇಳಲಿಲ್ಲ."

ಡಾಕ್ಟ್ರು ಮೇಜು ಗುದ್ದಿದರು. "ಹಾಗೆ ಹೇಳಿ ತಾಯಿ! ಯಾವಾಗ ಅನ್ನೋದನ್ನ ನಾನು ಬರೆದಿದ್ದೆ. ಈಯಮ್ಮ ಕಚಕ್ಕಂತ ಕತ್ತರಿಸಿ ಹಾಕಿದ್ರು."

"ಇಪ್ಪತ್ತಾರು ಪದ ಆಗಿತ್ತು ಸಾರ್!"

"ಆಗಲಿ, ಓದ್ತೀನಿ ಕೇಳಿ," ಎಂದು ಡಾಕ್ಟ್ರು ತಮ್ಮ ಹಳೆಯ ಕಾರ್ಡು ಹುಡುಕಿ ತೆಗೆದರು. "ಈ ಗೋಡೆ ಬಸಿರಿನ ಮೂರು ತಿಂಗಳು ತುಂಬುವುದರೊಳಗೆ ಎದ್ದು ಮುಗಿದಿರುತ್ತದೆ."

ಸೂಜಿಯಕ್ಕ ಮೇಜಿನ ಕೆಳಗೆ ಬೆರಳು ಮಡಚಿ ಎಣಿಸಿದಳು. ಮೂರು. ನಾಲ್ಕು, ಐದು, ಆರು, ಏಳು. ಮತ್ತೆ ಮೊದಲಿನಿಂದ ಎಣಿಸಿದಳು.

"ಡಾಕ್ಟ್ರೇ," ಎಂದಳು, ದನಿ ತನ್ನದಲ್ಲ ಎನಿಸುವಷ್ಟು ಸಣ್ಣಗಾಗಿತ್ತು, "ಒಬ್ಬಳು ಏಳನೇ ತಿಂಗಳಲ್ಲಿ ಬಿದ್ದಳು ಅಂತಿಟ್ಕೊಳ್ಳಿ. ಜೋರಾಗೇ ಬಿದ್ದಳು. ಆಗ ಈ ಗೋಡೆ ಒಡೆಯಲ್ವಾ?"

"ಒಡೆಯೋದೆಲ್ಲಿಂದ ಬಂತು? ಬಿದ್ದ ಪೆಟ್ಟಿಗೆ ಈ ತೂತು ಆಗೋದೇ ಇಲ್ಲ. ಅವಳು ಬೀಳೋ ಹೊತ್ತಿಗೆ ಆ ತೂತು ನಾಲ್ಕು ತಿಂಗಳ ಹಳೇದು. ಅವಳು ಮಂಚ ಬಿಟ್ಟು ಇಳಿಯದೆ ಇದ್ದಿದ್ರೂ ಅದು ಇರ್ತಿತ್ತು." ಅಷ್ಟು ಹೇಳಿ ಡಾಕ್ಟ್ರು ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಬಿದ್ದೋಳು ಯಾರು ತಾಯಿ?"

"ನಾನೇ," ಎಂದಳು ಸೂಜಿಯಕ್ಕ. ಹೋದ ಜೀವ ಬಂದಂತಾಯಿತು. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು, "ನಾನಲ್ಲ, ನನ್ನಿಂದ ಅಲ್ಲ," ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ಗೊತ್ತಾಗುತ್ತಿರಲಿಲ್ಲ.

ಕತ್ತರಿ ಮೇಡಂ ಕಾರ್ಡು ಎಳೆದುಕೊಂಡು, ತಾನು ಹೊಡೆದುಹಾಕಿದ್ದ ಸಾಲನ್ನು ತನ್ನ ಕೈಯಾರೆ ಮತ್ತೆ ಬರೆದಳು. "ಇಪ್ಪತ್ತಾರು," ಎಂದರು ಡಾಕ್ಟ್ರು, ಸುಮ್ಮನಿರಲಾರದೆ. "ಇಪ್ಪತ್ತಕ್ಕೆ ಬೆಂಕಿ ಬೀಳಲಿ, ಸುಮ್ನಿರಿ ಸಾರ್," ಎಂದು ಆಕೆ ಮೂಗು ಒರೆಸಿಕೊಂಡಳು.

ಮಧ್ಯಾಹ್ನವೆಲ್ಲ ಸೂಜಿಯಕ್ಕ ಒಂದು ಕಟ್ಟನ್ನೂ ನೆಟ್ಟಗೆ ಹೊಲಿಯಲಿಲ್ಲ. ಮೈ ಹಗುರಾಗಿತ್ತು, ಆದರೆ ಒಂದು ಕೆಲಸ ಬಾಕಿ ಇತ್ತು. ತಪ್ಪು ತನ್ನದಲ್ಲ ಸರಿ, ಸುಳ್ಳು ತನ್ನದೇ ತಾನೆ? ಬಿದ್ದದ್ದನ್ನು ಮಗಳಿಂದ ಮುಚ್ಚಿಟ್ಟಿದ್ದಳು. ಕೇಳಿ ಮಗಳು ಮುಖ ತಿರುಗಿಸಿಕೊಂಡರೆ ಎಂಬ ಅಳುಕು ಬಸ್ಸಿನಲ್ಲೂ ಬಿಡಲಿಲ್ಲ.

ಸಂಜೆ ಮಗಳು ಒಳಗೆ ಬಂದು ಚೀಲ ಇಡುವುದಕ್ಕೂ ಬಿಡದೆ ಸೂಜಿಯಕ್ಕ ಅವಳ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡಳು. ಸ್ಟೂಲು, ಹೊದಿಕೆ, ಅತ್ತೆಯ ಮಾತು, ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು, ಇವತ್ತಿನ ಕಾರ್ಡು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ ಮುಗಿಸಿದಳು. "ಇಷ್ಟೇ ಕಣೇ. ಇಷ್ಟು ವರ್ಷ ನಿನ್ನೆದೆ ಮೇಲಿನ ಗೀರು ನೋಡಿದಾಗೆಲ್ಲ ನಾನೇ ಮಾಡಿದ್ದು ಅಂದ್ಕೊಂಡಿದ್ದೆ. ಬೈಯೋದಿದ್ರೆ ಬೈದುಬಿಡು."

ಮಗಳು ಹುಬ್ಬು ಗಂಟಿಕ್ಕಿ ತಾಯಿಯ ಮುಖವನ್ನೇ ನೋಡುತ್ತಾ ಕೇಳಿದಳು, "ಅಮ್ಮಾ, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಅಷ್ಟೆತ್ತರದಿಂದ ಬಿದ್ದೆಯಲ್ಲ, ನಿನಗೆ ಪೆಟ್ಟಾಯ್ತಾ?"

ಸೂಜಿಯಕ್ಕ ಕಕ್ಕಾಬಿಕ್ಕಿಯಾದಳು. ಹತ್ತೊಂಬತ್ತು ವರ್ಷದಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಕೇಳಲು, ಬಿದ್ದದ್ದೇ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಒಬ್ಬಳು, ಅವಳೇ, ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

"ಸೊಂಟ ಕಣೇ," ಎಂದಳು. "ಹೆರಿಗೆ ತನಕ ಮಗ್ಗುಲು ಬದಲಾಯಿಸೋಕೆ ಆಗ್ತಿರಲಿಲ್ಲ. ಎಂಥಾ ನೋವು ಗೊತ್ತಾ ಅದು!" ಎನ್ನುತ್ತ ಗಳಗಳನೆ ಅತ್ತುಬಿಟ್ಟಳು.

ಮಗಳು ಹತ್ತಿರ ಸರಿದು ತಾಯಿಯ ಸೊಂಟದ ಮೇಲೆ ಕೈಯಿಟ್ಟಳು. "ಎಲ್ಲಿ, ಇಲ್ಲೇನಾ?"

"ಇನ್ನೂ ಸ್ವಲ್ಪ ಕೆಳಗೆ," ಎಂದಳು ತಾಯಿ.