ಹವಾ ಇಳಿದ ಓಣಿ

ನಾನು ಒಂದು ಮೂಗು. ಬೆಂಗಳೂರಿನ ಪುಟ್ಟ ಕಾರ್ಖಾನೆಯೊಂದರಲ್ಲಿ ನನ್ನನ್ನು ಜೋಡಿಸಿದವರು ಇಟ್ಟ ಹೆಸರು 'ಗಾಳಿ ಮಾಪಕ'. ಆದರೆ ಬಿಳಿ ಡಬ್ಬಿಯೊಳಗೊಂದು ಫ್ಯಾನು, ಅದು ಎಳೆದುಕೊಳ್ಳುವ ಗಾಳಿ, ಆ ಗಾಳಿಯಲ್ಲಿರುವ ಧೂಳು, ಹೊಗೆಯನ್ನು ಅಳೆಯಲು ಒಂದು ಸಣ್ಣ ಬೆಳಕು, ಇಷ್ಟನ್ನು ಮೂಗು ಅನ್ನದೆ ಇನ್ನೇನು ಅನ್ನಲಿ? ಮೂಗಿಗೆ ಬಡಿದದ್ದನ್ನು ಊರಿಗೆ ಹೇಳಲು ಕೆಂಪು ಅಂಕಿಗಳ ಹಲಗೆಯೊಂದನ್ನು ಕೊಟ್ಟರು. ಗಾಳಿ ಕೆಟ್ಟಷ್ಟೂ ಅಂಕಿ ಏರಬೇಕು, ಚೆನ್ನಾಗಿದ್ದರೆ ಇಳಿಯಬೇಕು. ನಾನು ಕಲಿತ ವಿದ್ಯೆ ಇದೊಂದೇ. ಎ.ಸಿ. ಕೋಣೆಯಲ್ಲಿ ಹುಟ್ಟಿದವನೆಂಬ ಜಂಬ ಬೇರೆ ಇತ್ತು.

ಆ ಜಂಬ ಹೆಚ್ಚು ದಿನ ಉಳಿಯಲಿಲ್ಲ. ನನ್ನನ್ನೂ ನನ್ನ ತಮ್ಮನನ್ನೂ ಒಂದು ನಗರಸಭೆ ಕೊಂಡುಕೊಂಡಿತು. ತಮ್ಮನಿಗೆ ಪಾರ್ಕಿರುವ ಹೊಸ ಬಡಾವಣೆ ಸಿಕ್ಕಿತು. ನನಗೆ ಸಿಕ್ಕಿದ್ದು ಮಂಡಕ್ಕಿ ಭಟ್ಟಿ ಓಣಿಯ ಬಾಯಲ್ಲಿದ್ದ ಕಂಬ. ಅಲ್ಲಿ ಮನೆಗೊಂದು ಭಟ್ಟಿ. ದೊಡ್ಡ ಬಾಣಲೆಗಳಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದರೆ ಬೆಳ್ಳಗೆ ಅರಳಿ ಮಂಡಕ್ಕಿಯಾಗುತ್ತದೆ. ನೋಡಲು ಬಲು ಚಂದ. ಬಾಣಲೆಯ ಕೆಳಗೆ ಉರಿಯುತ್ತಿದ್ದದ್ದು ಮಾತ್ರ ಹಳೇ ಟಯರು. ಮೊದಲ ಬೆಳಗ್ಗೆಯೇ ನನ್ನ ಜೀವ ಬಾಯಿಗೆ ಬಂತು.

ಹಲಗೆಯ ಮೇಲೆ 'ಗಾಳಿಯ ಗುಣಮಟ್ಟ ಸೂಚ್ಯಂಕ' ಎಂದು ಬರೆಯಬೇಕಿತ್ತು. ತಗಡು ಚಿಕ್ಕದು, ಪೇಂಟರನಿಗೆ ಊಟದ ಹೊತ್ತು. 'ನಮ್ಮ ಹವಾ' ಎಂದಷ್ಟೇ ಬರೆದು ಏಣಿ ಇಳಿದುಬಿಟ್ಟ.

ಅಲ್ಲಿಂದ ಶುರುವಾಯಿತು ನೋಡಿ ಎಡವಟ್ಟು. ಈ ಊರಿನಲ್ಲಿ ಹವಾ ಅಂದರೆ ಬರೀ ಗಾಳಿಯಲ್ಲ, ದೌಲತ್ತು. ಯಾರಿಗೆ ಹವಾ ಇದೆಯೋ ಅವರ ಮಾತು ನಡೆಯುತ್ತದೆ. ನನ್ನ ಅಂಕಿ ಇನ್ನೂರು ದಾಟಿದ ದಿನ ಓಣಿಯ ಮುಖಂಡ ಚಮನ್‌ಸಾಬ್ ಮೀಸೆ ತಿರುವಿದರು.

"ಬಡಾವಣಿಯೋರದು ಬರೀ ಐವತ್ತಂತ. ಹವಾನೇ ಇಲ್ಲ ಅವ್ರಿಗೆ" ಎಂದು ಟೀ ಅಂಗಡಿಯಲ್ಲಿ ನಕ್ಕರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಏನು ಮಾಡಲಿ, ಅಂಕಿ ಬಿಟ್ಟು ಬೇರೆ ಮಾತು ಬಾರದು.

ಅಷ್ಟರಲ್ಲಿ ನಗರಸಭೆಯ ಜವಾನ ಬಂದು ಸಾರಿ ಹೋದ: "ಶುಕ್ರವಾರ ನಮ್ಮ ಆಫೀಸರ್ ವತ್ಸಲಾ ಮೇಡಂ ನಿಮ್ಮ ಓಣಿ ಹವಾ ನೋಡಾಕೆ ಬರ್ತಾರ. ಹವಾ ಸರಿ ಇಲ್ಲಂದ್ರ ಭಟ್ಟಿ ಎಲ್ಲಾ ಬೈಪಾಸ್ ಆಚಿಗೆ."

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಹೆದರಿದವರು ಹುಸೇನ್‌ಬಿ. ನನ್ನ ಕಂಬದ ಪಕ್ಕದ ಮನೆಯೇ ಅವರದು, ಭಟ್ಟಿ ಹಿತ್ತಲಲ್ಲಿ. ಗಂಡ ತೀರಿಕೊಂಡ ಮೇಲೆ, ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳುತ್ತಲೇ ಭಟ್ಟಿ ನಡೆಸುತ್ತಿದ್ದರು. ಭಟ್ಟಿ ಬೈಪಾಸ್ ದಾಟಿದರೆ ಅತ್ತೆಯನ್ನು ಬಿಡಬೇಕು, ಇಲ್ಲವೇ ಭಟ್ಟಿಯನ್ನು ಬಿಡಬೇಕು. ಅವರ ಮುಖ ನೋಡಿ ನನಗೂ ಸಂಕಟವಾಯಿತು.

ಚಮನ್‌ಸಾಬ್ ಧೈರ್ಯ ಹೇಳಿದರು. "ಹವಾ ತೋರ್ಸಬೇಕು, ಅಷ್ಟೇ ಅಲ್ಲೇನು? ತೋರ್ಸೋಣ ಬಿಡು."

ಶುಕ್ರವಾರ ಓಣಿಯ ಅಷ್ಟೂ ಭಟ್ಟಿಗಳಿಗೆ ಎರಡೆರಡು ಪಾಲು ಟಯರು ಬಿತ್ತು. ಹುಸೇನ್‌ಬಿಯೂ ಬಿಸ್ಮಿಲ್ಲಾ ಎಂದು ತಮ್ಮ ಪಾಲಿನದನ್ನು ತುರುಕಿದರು. ನಡು ಮಧ್ಯಾಹ್ನವೇ ಕತ್ತಲು ಕವಿಯಿತು. ನಾನು ಕೆಮ್ಮಲಾರದೆ ಕೆಮ್ಮುತ್ತ ನಾನೂರು ತೋರಿಸಿದೆ. ಓಣಿ ಸಿಳ್ಳೆ ಹಾಕಿತು.

ವತ್ಸಲಾ ಮೇಡಂ ಜೀಪಿನಿಂದ ಇಳಿದರು. ಮೂಗಿಗೆ ಕರ್ಚೀಫು. ಚಮನ್‌ಸಾಬ್ ಹಾರ ಹಿಡಿದು ಮುಂದೆ ಬಂದರು.

"ನೋಡ್ರಿ ಮೇಡಂ, ನಾನೂರು. ಹೆಂಗೈತ್ರಿ ನಮ್ ಹವಾ?"

ಮೇಡಂ ನನ್ನನ್ನು ನೋಡಿದರು, ತಗಡಿನ ಬರಹ ನೋಡಿದರು, ಹಾರ ನೋಡಿದರು. ಆಮೇಲೆ ಕೆಮ್ಮು, ನಗು ಎರಡೂ ಒಟ್ಟಿಗೆ ಬಂದು ಜೀಪಿಗೆ ಒರಗಿ ನಿಂತರು. ನಗು ನಿಂತ ಮೇಲೆ, ಅಂಕಿ ಏರಿದಷ್ಟೂ ಗಾಳಿ ಕೆಟ್ಟಿದೆ ಎಂದರ್ಥ ಎಂದು ಬಿಡಿಸಿ ಹೇಳಿದರು. ಚಮನ್‌ಸಾಬ್ ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟರು.

ಹುಸೇನ್‌ಬಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಮೇಡಂ, ಬೈಪಾಸ್ ಆಚಿ ಸುಟ್ರೂ ಗಾಳಿ ಹೊಡ್ಕೊಂಡು ಇಲ್ಲಿಗೇ ಬರ್ತೈತಲ್ರೀ. ಆಚಿಗೆ ಹಾಕೋ ಬದ್ಲು ಕಡಿಮಿ ಮಾಡಾಕೆ ಒಂದ್ ಅವಕಾಶ ಕೊಡ್ರಿ."

"ಏರಿಸೋಕೆ ಗೊತ್ತಿರೋರಿಗೆ ಇಳಿಸೋಕೂ ಬರಬೇಕಲ್ಲಮ್ಮ" ಎಂದರು ಮೇಡಂ. "ಚಳಿಗಾಲಕ್ಕೆ ಬರ್ತೀನಿ. ಮಳೆ ತೊಳೆದ ಗಾಳಿ ತೋರಿಸಿ ಪಾಸಾಗೋದು ಬೇಡ. ನೂರರ ಒಳಗಿದ್ರೆ ಭಟ್ಟಿ ಇಲ್ಲೇ ಇರಲಿ."

ಟಯರಿನ ಬದಲು ಭತ್ತದ ಹೊಟ್ಟು, ಬಿರುಕು ಬಿಟ್ಟ ಹೊಗೆಕೊಳವೆಗೆ ರಿಪೇರಿ. ದಾರಿ ಎಲ್ಲರಿಗೂ ಗೊತ್ತಿತ್ತು. ಆದರೆ ಕಷ್ಟವಿದ್ದದ್ದು ಬೇರೆ ಕಡೆ. "ನಮ್ ಹವಾ ನಾವೇ ಇಳ್ಸೋದಾ? ಪಕ್ಕದ ಓಣಿಯೋರು ಏನಂತಾರ?" ಎಂದು ಗಂಡಸರು ಗೊಣಗಿದರು. ಅರ್ಧ ಓಣಿ ಹೊಟ್ಟಿಗೆ ಬದಲಾಯಿತು, ಇನ್ನರ್ಧ ಕದ್ದುಮುಚ್ಚಿ ಟಯರು ಸುಟ್ಟಿತು. ನಾನು ನೂರ ಎಪ್ಪತ್ತರಲ್ಲಿ ನಿಂತುಬಿಟ್ಟೆ. ಹುಸೇನ್‌ಬಿ ದಿನಾ ನನ್ನನ್ನು ನೋಡಿ ನಿಟ್ಟುಸಿರು ಬಿಡುವರು.

ಒಂದು ದಿನ ಅವರು ಅದೇ ಪೇಂಟರನನ್ನು ಹಿಡಿದು ತಂದು, ಹೊಟ್ಟೆ ತುಂಬ ಮಂಡಕ್ಕಿ ಮಿರ್ಚಿ ತಿನ್ನಿಸಿ, ಏಣಿ ಹತ್ತಿಸಿದರು. 'ಹವಾ' ಅಳಿಸಿ 'ಹೊಗೆ' ಬರೆಸಿದರು. ನಮ್ಮ ಹೊಗೆ, ನೂರ ಎಪ್ಪತ್ತು.

ಈ ಊರಿನ ಮಾತಿನಲ್ಲಿ ಹೊಗೆ ಹಾಕಿಸಿಕೊಳ್ಳುವುದೆಂದರೆ ಕಥೆ ಮುಗಿದಂತೆ. ಪಕ್ಕದ ಓಣಿಯ ಆಟೋದವರು ನಿಂತು ಓದಿ, "ಏನ್ ಚಮನ್ ಚಾಚಾ, ನಿಮ್ದು ಹೊಗೆ ಅಂತಲ್ಲ" ಎಂದು ಕಿಚಾಯಿಸತೊಡಗಿದರು. ಚಾಚಾ ಅವಮಾನದಿಂದ ಕುದ್ದುಹೋದರು. ಅಂದು ಸಂಜೆಯೇ ಮನೆಮನೆಗೆ ನುಗ್ಗಿ ಬಚ್ಚಿಟ್ಟ ಟಯರುಗಳನ್ನೆಲ್ಲ ಹೊರಗೆ ಉರುಳಿಸಿದರು. ನನ್ನ ಅಂಕಿ ಮೆಟ್ಟಿಲು ಇಳಿಯುವಂತೆ ಇಳಿಯಿತು. ಉಸಿರಾಡುವುದು ಇಷ್ಟು ಸುಖ ಎಂದು ನನಗೆ ಗೊತ್ತೇ ಇರಲಿಲ್ಲ.

ಚಳಿಗಾಲದಲ್ಲಿ ಮೇಡಂ ಬಂದಾಗ ನಾನು ಎಂಬತ್ತೆರಡು ತೋರಿಸುತ್ತಿದ್ದೆ. ಅವರು ನಂಬದೆ ನನ್ನ ಡಬ್ಬಿ ತೆಗೆಸಿ ನೋಡಿದರು. ನಾನೇನು ಲಂಚ ತಿನ್ನುವ ಮೂಗೇ? ಕೊನೆಗೆ ಭಟ್ಟಿಗಳು ಇಲ್ಲೇ ಇರಲಿ ಎಂದು ಹೇಳಿ, ಬಿಸಿ ಮಂಡಕ್ಕಿ ಕಟ್ಟಿಸಿಕೊಂಡು ಹೋದರು. ಹುಸೇನ್‌ಬಿ ಒಳಗೆ ಓಡಿ ಅತ್ತೆಯ ಕೈ ಹಿಡಿದು ಅತ್ತರು.

ಈಗ ನನಗೆ ವಯಸ್ಸಾಗಿದೆ. ಫ್ಯಾನು ತಿರುಗುವುದಿಲ್ಲ, ಕಂಬದ ಮೇಲೆ ಕೊನೆಕೊನೆಗೆ ಗಾಳಿ ಹೇಗಿದ್ದರೂ ನಲವತ್ತು ಎನ್ನುತ್ತಿದ್ದೆ. ಕಂಬಕ್ಕೆ ಹೊಸಬ ಬಂದ. ಗುಜರಿಗೆ ಹೊರಟಿದ್ದ ನನ್ನನ್ನು ಹುಸೇನ್‌ಬಿ ಕೇಳಿ ಪಡೆದು ಅತ್ತೆಯ ಕೋಣೆಯ ಗೂಡಿನಲ್ಲಿಟ್ಟಿದ್ದಾರೆ. ಆ ಕೋಣೆಗೆ ಓಣಿಯ ಕಡೆಗೊಂದು ಕಿಟಕಿ. ಹೊಗೆಗೆ ಹೆದರಿ ಅದಕ್ಕೆ ಮೊಳೆ ಹೊಡೆದಿದ್ದರಂತೆ. ಹೊಗೆ ಇಳಿದ ಮೇಲೆ ಮೊಳೆ ಕಿತ್ತರಂತೆ. ಮುದುಕಿ ದಿಂಬಿಗೆ ಒರಗಿ ಓಣಿಯಲ್ಲಿ ಹೋಗಿಬರುವವರನ್ನೆಲ್ಲ ಹೆಸರು ಹಿಡಿದು ಕೂಗುತ್ತಾಳೆ, ಬೈಯುತ್ತಾಳೆ, ನಗುತ್ತಾಳೆ. ಸಂಜೆ ಚಳಿಯೆಂದು ಸೊಸೆ ಕಿಟಕಿ ಮುಚ್ಚಲು ಬಂದರೆ ಒಂದೇ ಮಾತು: "ಇರ್ಲಿ ಬಿಡೇ, ಇನ್ನೊಂದ್ ಸ್ವಲ್ಪ ಗಾಳಿ ಬರ್ಲಿ."